ತೊಳೆಯುವ ಕೈಗೆ ಮೈಲಿಗೆಯಿಲ್ಲ

(ಶ್ರಾವಣ ಮಾಸದ ಪ್ರವಚನಮಾಲೆಯ ಸಂದರ್ಭದಲ್ಲಿ ಅಜ್ಜಂಪುರದಲ್ಲಿ ಸೇರಿದ್ದ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಭಕ್ತರಿಗೆ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಲಿಂಗೈಕ್ಯ ಹಿರಿಯ ಗುರುಗಳ ಪಾದಗಳನ್ನು ಮನದಲ್ಲಿ ನೆನೆದು ನಾಲ್ಕು ಮಾತು ಆಡುತ್ತೇವೆ. ಹೊರಗೆ ಶ್ರಾವಣದ ಮಳೆ ಹಿಡಿದಿದೆ. ಈರುಳ್ಳಿ ಹೊಲದಲ್ಲಿ ನಿಮಗೆ ಕೈತುಂಬ ಕೆಲಸವಿದೆ. ಅದನ್ನೆಲ್ಲ ಬದಿಗಿಟ್ಟು ಕಡೂರಿನಿಂದ, ಬೀರೂರಿನಿಂದ, ತರೀಕೆರೆಯಿಂದ, ಶಿವನಿಯಿಂದ ಬಂದು ಕುಳಿತಿದ್ದೀರಿ. ಈ ದಿನ ನಾವು ದೊಡ್ಡ ತತ್ತ್ವವನ್ನೇನೂ ಹೇಳುವುದಿಲ್ಲ. ಒಬ್ಬ ಹುಡುಗ ನಮ್ಮನ್ನು ಒಂದು ಪ್ರಶ್ನೆ ಕೇಳಿದ. ಅಂದು ನಮಗೆ ಉತ್ತರ ಕೊಡಲಾಗಲಿಲ್ಲ. ಆ ಉತ್ತರವನ್ನು ಈ ಸಭೆಯಲ್ಲಿ ಕೊಡಬೇಕೆಂದು ಬಂದಿದ್ದೇವೆ.

ಆ ಹುಡುಗ ಈ ಕಡೆಯವನೇ. ಯಾವ ಊರು, ಯಾರ ಮಗ ಎಂಬುದು ಬೇಡ. ತಂದೆಗೆ ನಾಲ್ಕು ಎಕರೆ ಹೊಲ. ಎರಡು ವರ್ಷ ಈರುಳ್ಳಿಗೆ ಬೆಲೆ ಸಿಗಲಿಲ್ಲ, ಮೂರನೆಯ ವರ್ಷ ಬೆಲೆಯಿತ್ತು, ಆದರೆ ಮಳೆಗೆ ಬೆಳೆ ಕೊಳೆಯಿತು. ಹುಡುಗ ಪದವಿ ಮುಗಿಸಿದ್ದ. ಅರ್ಜಿ ಹಾಕಿ ಹಾಕಿ ಬೇಸತ್ತು ಒಂದು ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದ. ಅಲ್ಲಿ ಒಂದು ದೊಡ್ಡ ಹೋಟೆಲಿನಲ್ಲಿ ಕೆಲಸ ಸಿಕ್ಕಿತು. ಆ ಹೋಟೆಲು ಎಂಥದೆಂದರೆ, ಒಬ್ಬರು ಒಂದು ಹೊತ್ತು ಊಟ ಮಾಡಿದರೆ ನಮ್ಮ ಕಡೆಯ ಒಂದು ಮನೆಯ ತಿಂಗಳ ದಿನಸಿಯ ಖರ್ಚು ಆಗುತ್ತದೆ. ಮೇಜಿಗೆ ಬಿಳಿ ಬಟ್ಟೆ, ಒಬ್ಬೊಬ್ಬರ ಮುಂದೆ ನಾಲ್ಕಾರು ಗಾಜಿನ ಲೋಟ, ಒಂದು ಊಟಕ್ಕೆ ಏಳೆಂಟು ಸಲ ತಟ್ಟೆ ಬದಲಾವಣೆ. ಹುಡುಗನ ಕೆಲಸಕ್ಕೆ ಅಲ್ಲಿ ಹೇಳುವ ಹೆಸರು ಕಿಚನ್ ಸ್ಟೀವರ್ಡ್. ತಂದೆಗೆ ಆ ಹೆಸರು ಕೇಳಿ ಬಹಳ ಸಂತೋಷವಾಯಿತು. ಸಂತೆಯಲ್ಲಿ, ಅರಳಿಕಟ್ಟೆಯಲ್ಲಿ, "ನಮ್ಮ ಹುಡುಗ ದೊಡ್ಡ ಹೋಟೆಲಿನಲ್ಲಿ ಸ್ಟೀವರ್ಡ್ ಆಗಿದ್ದಾನೆ" ಎಂದು ಹೇಳಿಕೊಂಡು ಬಂದ. ಕೇಳಿದವರು ಅದನ್ನು ಮ್ಯಾನೇಜರ್ ಎಂದುಕೊಂಡರು. ತಂದೆಯೂ ತಿದ್ದಲಿಲ್ಲ.

ಕೆಲಸ ಏನೆಂದರೆ, ಜನ ಉಂಡ ತಟ್ಟೆ ತೊಳೆಯುವುದು.

ಹುಡುಗನಿಗೆ ಹೆಣ್ಣು ನೋಡುವ ಮಾತು ಬಂತು. ಹೆಣ್ಣಿನ ಕಡೆಯವರು ಬೆಂಗಳೂರಿನಲ್ಲಿ ವಿಚಾರಿಸಿದರು. ವಿಷಯ ಹೊರಬಿತ್ತು. ಸಂಬಂಧ ಮುರಿಯಿತು. ಊರಿನಲ್ಲಿ ನಗೆಯಾಡಿದರು. ಆ ವರ್ಷ ಹುಡುಗ ಜಾತ್ರೆಗೆ ಬರಲಿಲ್ಲ, ಹಬ್ಬಕ್ಕೂ ಬರಲಿಲ್ಲ. ಆಮೇಲೆ ಒಂದು ದಿನ ಸಂಜೆ ಯಾರಿಗೂ ಹೇಳದೆ ಮಠಕ್ಕೆ ಬಂದು ಕಂಬದ ಮರೆಯಲ್ಲಿ ನಿಂತಿದ್ದ. ಕರೆದು ಕೂರಿಸಿಕೊಂಡೆವು. ಎಲ್ಲವನ್ನೂ ಹೇಳಿದ. ನಾವು ಸಮಾಧಾನ ಮಾಡಲೆಂದು, "ಇರಲಿ ಬಿಡಪ್ಪ, ಸ್ವಲ್ಪ ದಿನ ತಾಳಿಕೋ. ಭಕ್ತರಲ್ಲಿ ಯಾರಿಗಾದರೂ ಹೇಳಿ ಒಂದು ಒಳ್ಳೆಯ ಕೆಲಸ ಕೊಡಿಸೋಣ" ಎಂದೆವು. ಹುಡುಗ ನಮ್ಮ ಮುಖ ನೋಡಿ ಕೇಳಿದ: "ಬುದ್ಧೀ, ಹಾಗಾದರೆ ಇದು ಕೆಟ್ಟ ಕೆಲಸವೇ?"

ಭಕ್ತರೇ, ಮೂವತ್ತು ವರ್ಷಗಳಿಂದ ನಾವು ಈ ಪೀಠದಲ್ಲಿ ಕುಳಿತು ಕಾಯಕದ ಮೇಲೆ ಎಷ್ಟು ಪ್ರವಚನ ಮಾಡಿದ್ದೇವೋ ಲೆಕ್ಕವಿಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ಸಾವಿರ ಸಲ ಹೇಳಿದ್ದೇವೆ. ಆದರೆ ತಟ್ಟೆ ತೊಳೆಯುವ ಹುಡುಗ ಎದುರಿಗೆ ಕುಳಿತಾಗ ನಮ್ಮ ಬಾಯಿಂದ ಬಂದ ಮಾತು "ಒಳ್ಳೆಯ ಕೆಲಸ ಕೊಡಿಸೋಣ" ಎಂಬುದು. ಊರಿನವರು ನಕ್ಕರು, ನಾವು ನಗಲಿಲ್ಲ, ಅಷ್ಟೇ ವ್ಯತ್ಯಾಸ. ಒಳಗಿನ ಭಾವ ಒಂದೇ ಆಗಿತ್ತು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಪಾಠಶಾಲೆಯ ದಿನಗಳು ನೆನಪಾದವು. ಅಮರಕೋಶ ಬಾಯಿಪಾಠ ಮಾಡುತ್ತಿದ್ದ ವಯಸ್ಸು ನಮಗೆ. ಬೆಳಗ್ಗೆ ವ್ಯಾಕರಣ, ಮಧ್ಯಾಹ್ನ ದಾಸೋಹದ ಪಾತ್ರೆ. ತಾಮ್ರದ ಹಂಡೆಗಳನ್ನು ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಉಜ್ಜಬೇಕಾಗಿತ್ತು. ಒಂದು ದಿನ ಹಂಡೆಯ ಹೊರಮೈ ಬೆಳಗಿ ಒಳಗೆ ಅರ್ಧಂಬರ್ಧ ತೊಳೆದಿಟ್ಟೆವು. ಹಿರಿಯ ಗುರುಗಳು ಕೈಹಾಕಿ ನೋಡಿದರು. ಬೈಯಲಿಲ್ಲ. "ಕಾಯಿಕ, ವಾಚಿಕ, ಮಾನಸಿಕ ಎಂದು ಬೆಳಗ್ಗೆ ಓದಿದೆಯಲ್ಲ, ಈ ಹಂಡೆಯಲ್ಲಿ ಮೂರರಲ್ಲಿ ಯಾವುದಿದೆ ತೋರಿಸು" ಎಂದು ಕೇಳಿ ಹೊರಟುಹೋದರು. ಶಾಸ್ತ್ರದಲ್ಲಿ ನಾವು ಕಲಿತದ್ದು, ಶರೀರದಿಂದ ಮಾಡುವುದು ಸ್ಥೂಲ, ಮನಸ್ಸಿನಿಂದ ಮಾಡುವುದು ಸೂಕ್ಷ್ಮ, ಆದುದರಿಂದ ಶ್ರೇಷ್ಠ ಎಂಬುದಾಗಿ. ಶರಣರು ಆ ಏಣಿಯನ್ನೇ ನೆಲಕ್ಕೆ ಮಲಗಿಸಿದರು. ಕೈ ಕೆಲಸದಲ್ಲಿ ಮನಸ್ಸು ಪೂರ್ತಿ ಇಳಿದಾಗ ಅಲ್ಲಿ ಮೇಲಿನ ಮೆಟ್ಟಿಲು, ಕೆಳಗಿನ ಮೆಟ್ಟಿಲು ಎಂಬುದು ಉಳಿಯುವುದಿಲ್ಲ. ಕಾಯಕ ಎಂಬ ಮಾತಿಗೆ ನಾವು ತಿಳಿದ ಅರ್ಥ ಇದು.

ಇದನ್ನು ತಿಳಿಯಲು ನೀವು ಕಲ್ಯಾಣದವರೆಗೆ ಹೋಗಬೇಕಾಗಿಲ್ಲ. ತರೀಕೆರೆ ಸೀಮೆಯ ನಂದಿ ಗ್ರಾಮ ನಿಮಗೆಲ್ಲ ಗೊತ್ತು. ನುಲಿಯ ಚಂದಯ್ಯನವರು ಐಕ್ಯರಾದ ಸ್ಥಳವೆಂದು ನಮ್ಮ ಹಿರಿಯರು ನಡೆದುಕೊಂಡು ಬಂದ ನೆಲ ಅದು. ಕಲ್ಯಾಣದ ಮಹಾಮನೆಯಲ್ಲಿ ದಾಸೋಹವನ್ನು ನೋಡಿಕೊಂಡ ಅಕ್ಕನಾಗಮ್ಮನವರು ಕೊನೆಗೆ ಬಂದು ನಿಂತದ್ದು ಎಣ್ಣೆಹೊಳೆಯ ತಟದಲ್ಲಿ ಎಂದೂ ಈ ಭಾಗದ ಜನ ನಂಬಿದ್ದಾರೆ. ಹುಲ್ಲು ಹೊಸೆದವರೂ ಅನ್ನ ಬಡಿಸಿದವರೂ ಮಲಗಿರುವ ನೆಲದಲ್ಲಿ ನಾವು ನೀವು ಕುಳಿತಿದ್ದೇವೆ.

ಚಂದಯ್ಯನವರ ಕಾಯಕ ಯಾವುದು? ಕೆರೆಯಂಚಿನ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು. ಬಂದುದರಲ್ಲಿ ಜಂಗಮಕ್ಕೆ ದಾಸೋಹ ಮಾಡುವುದು. ಶರಣರ ಚರಿತೆಗಳಲ್ಲಿ ಬರುವ ಕಥೆಯನ್ನು ನೀವು ಕೇಳಿದ್ದೀರಿ. ಹುಲ್ಲು ಕೊಯ್ಯುವಾಗ ಕೊರಳಲ್ಲಿದ್ದ ಇಷ್ಟಲಿಂಗ ಜಾರಿ ನೀರಿಗೆ ಬಿತ್ತು. ಚಂದಯ್ಯನವರು ಕುಡುಗೋಲು ಬಿಡಲಿಲ್ಲ, ಹೊರೆ ಕಟ್ಟಿಕೊಂಡು ಹೊರಟರು. ಲಿಂಗವೇ ಹಿಂದೆ ಹಿಂದೆ ಬಂತು. ಮಡಿವಾಳ ಮಾಚಯ್ಯನವರು ನಡುವೆ ಬಂದು ಮಾತಾಡಿದ ಮೇಲೆ, ಲಿಂಗವೂ ಕಾಯಕ ಮಾಡುವುದಾದರೆ ಇರಲಿ ಎಂದು ಒಪ್ಪಿದರು. ಲಿಂಗಕ್ಕೆ ಹಗ್ಗ ಮಾರುವ ಕೆಲಸ ಬಂತು. ಲಿಂಗ ಆ ಹಗ್ಗವನ್ನು ಬಸವಣ್ಣನವರಿಗೆ ಮಾರಿತು, ಬಸವಣ್ಣನವರು ಭಕ್ತಿಯಿಂದ ಸಾವಿರ ಹೊನ್ನು ಕೊಟ್ಟರು. ಚಂದಯ್ಯನವರು ಆ ಹೊನ್ನು ನೋಡಿ ಹಿಗ್ಗಿದರೇ? ಇಲ್ಲ. ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಹೆಚ್ಚು ತಂದದ್ದು ಸರಿಯಲ್ಲವೆಂದು ಹಿಂದಕ್ಕೆ ಕಳಿಸಿದರು.

ಈ ಕಥೆಯಲ್ಲಿ ಒಂದು ಸೂಕ್ಷ್ಮವಿದೆ. ಸಾವಿರ ಹೊನ್ನು ಬಂದದ್ದು ಹಗ್ಗಕ್ಕಲ್ಲ, ಮಾರಿದವನು ಲಿಂಗ, ಕೊಂಡವನು ಬಸವಣ್ಣ ಎಂಬ ಕಾರಣಕ್ಕೆ. ನಾವೂ ಹೀಗೆಯೇ ಕೆಲಸವನ್ನು ಹೆಸರಿನಿಂದ ತೂಗುತ್ತೇವೆ. ಕುರ್ಚಿಯಲ್ಲಿ ಕುಳಿತವನು ಮಾಡಿದರೆ ಸಾವಿರ ಹೊನ್ನು, ನೆಲದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತವನು ಮಾಡಿದರೆ ಒಂದು ಕಾಸು. ಚಂದಯ್ಯನವರು ಕೇಳಿದ್ದು ಒಂದೇ: ಹಗ್ಗ ಗಟ್ಟಿಯಾಗಿದೆಯೇ? ಇದ್ದರೆ ಅದರ ಬೆಲೆ ಕೊಡಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಇನ್ನು ಆ ಹುಡುಗನ ಕೆಲಸಕ್ಕೆ ಬರೋಣ. ಮರುದಿನ ಬೆಳಗ್ಗೆ ಮತ್ತೆ ಕರೆಸಿ, "ನೀನು ಮಾಡುವ ಕೆಲಸವನ್ನು ನಮಗೆ ಮೊದಲಿನಿಂದ ಹೇಳು" ಎಂದೆವು. ಅವನಿಗೆ ಆಶ್ಚರ್ಯವಾಯಿತು. ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಹೇಳತೊಡಗಿದ ಮೇಲೆ ಅವನ ಮುಖವೇ ಬೇರೆಯಾಯಿತು.

ಬಂದ ತಟ್ಟೆಯ ಉಳಿಕೆಯನ್ನು ಮೊದಲು ಕೆರೆದು ತೆಗೆಯಬೇಕು. ಆಮೇಲೆ ಮೂರು ತೊಟ್ಟಿ. ಒಂದರಲ್ಲಿ ಸೋಪಿನ ಬಿಸಿನೀರು, ಒಂದರಲ್ಲಿ ಶುದ್ಧ ನೀರು, ಒಂದರಲ್ಲಿ ಕ್ರಿಮಿ ಕೊಲ್ಲುವ ಔಷಧದ ನೀರು. ತಟ್ಟೆಗಳಿಗೆ ಯಂತ್ರವೂ ಇದೆ. ಆದರೆ ತೆಳುವಾದ ಗಾಜಿನ ಲೋಟಗಳಿಗೆ ಕೈಯೇ ಬೇಕು. ಲೋಟಕ್ಕೆ ಹಬೆ ಹಿಡಿದು, ನೂಲು ಬಿಡದ ಬಟ್ಟೆಯಿಂದ ಒರೆಸಿ, ದೀಪಕ್ಕೆ ಹಿಡಿದು ನೋಡಬೇಕು. ಒಂದು ಬೆರಳಿನ ಗುರುತಿದ್ದರೂ ಮತ್ತೆ ಮೊದಲಿನಿಂದ. ಅಂಚು ಸಾಸಿವೆಯಷ್ಟು ಮುಕ್ಕಾಗಿದ್ದರೂ ತೆಗೆದಿಡಬೇಕು, ಯಾರದೋ ತುಟಿ ಕೊಯ್ದೀತು. ಕೆಲವರಿಗೆ ಶೇಂಗಾ ಆಗದು, ಕೆಲವರಿಗೆ ಎಳ್ಳು ಆಗದು. ಸರಿಯಾಗಿ ತೊಳೆಯದ ಸೌಟಿನಲ್ಲಿ ಅದರ ಅಂಶ ಉಳಿದು ಅವರ ಬಾಯಿಗೆ ಹೋದರೆ ಗಂಟಲು ಕಟ್ಟಿ ಪ್ರಾಣಕ್ಕೇ ಕುತ್ತು ಬರಬಹುದು. "ಬುದ್ಧೀ, ಉಣ್ಣುವವರು ನಮ್ಮನ್ನು ನೋಡುವುದಿಲ್ಲ. ಆದರೆ ಅವರ ಪ್ರಾಣ ನಮ್ಮ ಕೈಯಲ್ಲಿಯೂ ಇರುತ್ತದೆ" ಎಂದ.

ಇನ್ನೊಂದು ಮಾತು ಹೇಳಿದ. ಒಂದು ಪದಾರ್ಥ ವಾರಗಟ್ಟಲೆ ಅರ್ಧಕ್ಕರ್ಧ ಹಾಗೆಯೇ ತಟ್ಟೆಯಲ್ಲಿ ವಾಪಸು ಬರುತ್ತಿತ್ತಂತೆ. ಬಡಿಸುವವರು ಕೇಳಿದರೆ ಜನ ಮರ್ಯಾದೆಗಾಗಿ ಚೆನ್ನಾಗಿದೆ ಎನ್ನುತ್ತಿದ್ದರು. ಇವನು ಧೈರ್ಯ ಮಾಡಿ ಮುಖ್ಯ ಬಾಣಸಿಗನಿಗೆ ಹೇಳಿದ. ಅವನು ರುಚಿ ನೋಡಿ, ಹುಳಿ ಹೆಚ್ಚಾದದ್ದು ತಿಳಿದು ತಿದ್ದಿದ. ತಟ್ಟೆಗಳು ಬರಿದಾಗಿ ಬರತೊಡಗಿದವು. ನೋಡಿದಿರಾ! ಊಟ ಹೇಗಿತ್ತು ಎಂಬುದು ಮಾಡಿದವನಿಗೆ ಗೊತ್ತಿಲ್ಲ, ಬಡಿಸಿದವನಿಗೆ ಗೊತ್ತಿಲ್ಲ, ತೊಳೆಯುವವನಿಗೆ ಗೊತ್ತು. ಅಥರ್ವವೇದದಲ್ಲಿ ಉಚ್ಛಿಷ್ಟವನ್ನೇ, ಎಂದರೆ ಉಳಿದದ್ದನ್ನೇ, ಕೊಂಡಾಡುವ ಒಂದು ಸೂಕ್ತವಿದೆ. ಓದುವಾಗ ನಮಗೆ ಅದು ವಿಚಿತ್ರವಾಗಿ ಕಂಡಿತ್ತು. ಈ ಹುಡುಗ ಹೇಳಿದ ಮೇಲೆ, ಉಳಿದದ್ದರಲ್ಲಿಯೂ ಓದುವುದಕ್ಕೆ ಏನೋ ಇದೆ ಎಂಬುದು ನಮಗೆ ತಿಳಿಯಿತು.

ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಈಗ ಒಂದು ಸಂದೇಹ ಎದ್ದಿರಬೇಕು. ಹುಡುಗನ ತಾಯಿಗೂ ಅದೇ ಸಂದೇಹವಿತ್ತು. ಅಂಥ ಹೋಟೆಲಿನಲ್ಲಿ ಮಾಂಸ ಬಡಿಸುತ್ತಾರೆ, ಮದ್ಯ ಕೊಡುತ್ತಾರೆ. ಕೊರಳಲ್ಲಿ ಲಿಂಗವಿರುವವನು ಆ ತಟ್ಟೆ ಮುಟ್ಟಬಹುದೇ? ಇದನ್ನು ನಾವು ಮುಚ್ಚಿಡುವುದಿಲ್ಲ. ಅವನು ತಿನ್ನುವುದಿಲ್ಲ, ಕುಡಿಯುವುದಿಲ್ಲ. ಅದು ಅವನ ಆಚಾರ, ಅದನ್ನು ಅವನು ಕಾಪಾಡಿಕೊಂಡಿದ್ದಾನೆ. ಕೆಲಸಕ್ಕೆ ಹೊರಡುವ ಮುಂಚೆ ಬಾಡಿಗೆ ಕೋಣೆಯಲ್ಲಿ ಲಿಂಗಪೂಜೆ ಮುಗಿಸುತ್ತಾನೆ. ಪರರು ಉಂಡ ದೋಷ ತೊಳೆದವನಿಗೆ ಅಂಟುವುದಾದರೆ, ಊರವರ ಕೊಳೆ ಒಗೆದ ಮಡಿವಾಳ ಮಾಚಯ್ಯನವರು ಶರಣರಾಗುತ್ತಿರಲಿಲ್ಲ. ತೊಗಲು ಹದಮಾಡಿ ಚಮ್ಮಾವುಗೆ ಹೊಲಿದ ಹರಳಯ್ಯನವರು ಶರಣರಾಗುತ್ತಿರಲಿಲ್ಲ. ಮನಸ್ಸು ಒಪ್ಪದವರು ಸಸ್ಯಾಹಾರದ ಹೋಟೆಲನ್ನು ಹುಡುಕಿಕೊಳ್ಳಲಿ, ಅದಕ್ಕೂ ನಮ್ಮ ಆಶೀರ್ವಾದವಿದೆ. ಆದರೆ ಇನ್ನೊಬ್ಬನು ತೊಳೆದ ತಟ್ಟೆಯನ್ನು ನೋಡಿ ಅವನ ಲಿಂಗನಿಷ್ಠೆಯನ್ನು ಅಳೆಯಲು ಹೋಗಬೇಡಿರಿ.

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಹೆಸರು ನೀವು ಕೇಳಿದ್ದೀರಿ. ಅದನ್ನು ಕಟ್ಟಿದವರು ಪಾರಂಪಳ್ಳಿ ಯಜ್ಞನಾರಾಯಣ ಮಯ್ಯರು. ಕರಾವಳಿಯಿಂದ ಬಂದ ಆ ಅಣ್ಣತಮ್ಮಂದಿರು ಮೊದಲು ಸ್ಥಿತಿವಂತರ ಮನೆಗಳಲ್ಲಿ ಅಡುಗೆ ಮಾಡಿಕೊಂಡಿದ್ದವರು. 1924ರಲ್ಲಿ ಒಂದು ಸಣ್ಣ ಉಪಾಹಾರಗೃಹವನ್ನು ತೆರೆದರು. 1951ರಲ್ಲಿ ಮಯ್ಯರು ಯೂರೋಪಿಗೆ ಹೋದರು. ಅಲ್ಲಿ ಅವರ ಕಣ್ಣು ನಿಂತದ್ದು ಯಾವುದರ ಮೇಲೆ? ಅಲ್ಲಿಯ ಊಟದ ಮನೆಗಳ ಶುಚಿಯ ಮೇಲೆ. ತಿರುಗಿ ಬಂದವರೇ ಲೋಟ, ಚಮಚ, ತಟ್ಟೆಗಳನ್ನು ಹಬೆಯಲ್ಲಿ ಶುದ್ಧಿಮಾಡುವ ಕ್ರಮ ಹಾಕಿದರು. ಒಂದು ಹೋಟೆಲಿನ ಹೆಸರು ದೋಸೆಯಿಂದ ಬೆಳೆಯುತ್ತದೆಂದು ನಾವು ತಿಳಿಯುತ್ತೇವೆ. ತೊಳೆಯುವ ತೊಟ್ಟಿಯಿಂದಲೂ ಬೆಳೆಯುತ್ತದೆಂದು ಮಯ್ಯರು ತಿಳಿದಿದ್ದರು.

ಹುಡುಗ ತನ್ನ ಮೊಬೈಲಿನಲ್ಲಿ ನಮಗೆ ಒಂದು ಚಿತ್ರ ತೋರಿಸಿದ. ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್‌ನಲ್ಲಿ ನೋಮಾ ಎಂಬ ಹೋಟೆಲು ಇದೆ. 2010ರಲ್ಲಿ ಅದನ್ನು ಜಗತ್ತಿನಲ್ಲೇ ಮೊದಲನೆಯದೆಂದು ಆರಿಸಿದರು. ಅಲ್ಲಿ ಪಾತ್ರೆ ತೊಳೆಯುತ್ತಿದ್ದವನು ಅಲಿ ಸೊಂಕೊ. ಆಫ್ರಿಕದ ಗಾಂಬಿಯಾದಲ್ಲಿ ಬೇಸಾಯ ಮಾಡಿಕೊಂಡಿದ್ದವನು, ನಿಮ್ಮ ಹಾಗೆಯೇ ರೈತ. ಹೋಟೆಲು 2003ರಲ್ಲಿ ಆರಂಭವಾದಂದಿನಿಂದ ಅಲ್ಲಿದ್ದವನು. ಲಂಡನ್ನಿನಲ್ಲಿ ಪ್ರಶಸ್ತಿ ಕೊಡುವಾಗ ಅವನಿಗೆ ವೀಸಾ ಸಿಗಲಿಲ್ಲ. ಜೊತೆಗಾರರು ಏನು ಮಾಡಿದರು? ಅವನ ಮುಖ ಅಚ್ಚುಹಾಕಿದ ಅಂಗಿ ತೊಟ್ಟು ವೇದಿಕೆ ಹತ್ತಿದರು. 2012ರಲ್ಲಿ ಅವನೇ ಹೋಗಿ ವೇದಿಕೆಯ ಮೇಲೆ ಮಾತಾಡಿದ. 2017ರಲ್ಲಿ ಹೋಟೆಲಿನ ಯಜಮಾನ ಅವನನ್ನು ಪಾಲುದಾರನನ್ನಾಗಿ ಮಾಡಿಕೊಂಡ. ಆ ಯಜಮಾನನ ತಂದೆಯೂ ಬೇರೆ ದೇಶದಿಂದ ಬಂದು ಪಾತ್ರೆ ತೊಳೆದು ಬದುಕಿದವನೇ, ಹೆಸರೂ ಅಲಿ ಎಂದೇ.

ಇದನ್ನು ಕೇಳಿ, ತಟ್ಟೆ ತೊಳೆದವರೆಲ್ಲ ಪಾಲುದಾರರಾಗುತ್ತಾರೆ ಎಂದುಕೊಳ್ಳಬೇಡಿರಿ. ಸಾವಿರಕ್ಕೆ ಒಬ್ಬನೂ ಆಗುವುದಿಲ್ಲ. ಅಂಥ ಆಸೆಯಿಂದ ತೊಳೆದರೆ ಅದು ಕಾಯಕವೂ ಅಲ್ಲ, ಲಾಟರಿ. ಇನ್ನೊಂದು ಸತ್ಯವನ್ನೂ ಹೇಳಬೇಕು. ಅದೇ ಹೋಟೆಲಿನ ಅಡುಗೆಮನೆಗೆ ಕಲಿಯಲೆಂದು ಬಂದು ದುಡಿದ ಹುಡುಗರಿಗೆ ಬಹುಕಾಲ ಸಂಬಳವೇ ಇರಲಿಲ್ಲ. ಜನ ಟೀಕಿಸಿದ ಮೇಲೆ 2022ರಲ್ಲಿ ಕೊಡಲಾರಂಭಿಸಿದರು. ಒಬ್ಬನನ್ನು ವೇದಿಕೆಗೆ ಹತ್ತಿಸಿದ ಮನೆಯಲ್ಲಿಯೇ ಹಲವರು ಬಿಟ್ಟಿ ದುಡಿದರು.

ಆದುದರಿಂದ ಈ ಸಭೆಯಲ್ಲಿರುವ ಯಜಮಾನರಿಗೆ, ಹೋಟೆಲು, ಅಂಗಡಿ, ತೋಟ ಇಟ್ಟುಕೊಂಡವರಿಗೆ ಒಂದು ಮಾತು. ಕಾಯಕ ಎಂಬುದು ದುಡಿಯುವವನು ತನ್ನ ಎದೆಯಲ್ಲಿ ಇಟ್ಟುಕೊಳ್ಳುವ ಮಾತು. ಅದು ಯಜಮಾನನು ಕೂಲಿ ಕಡಿಮೆಮಾಡಲು ಹೇಳುವ ಮಾತಲ್ಲ. "ಸೇವೆ ಎಂದು ಮಾಡಪ್ಪ" ಎಂದು ಹೇಳಿ ಹನ್ನೆರಡು ಗಂಟೆ ದುಡಿಸಿಕೊಂಡು ಎಂಟು ಗಂಟೆಯ ಕೂಲಿ ಕೊಡುವವನು ಚಂದಯ್ಯನವರ ಹಗ್ಗವನ್ನು ಬಿಟ್ಟಿಯಾಗಿ ಒಯ್ದ ಹಾಗೆ. ಕನಿಷ್ಠ ಕೂಲಿಗೆ ನಮ್ಮ ದೇಶದಲ್ಲಿ 1948ರಿಂದಲೇ ಕಾನೂನು ಬಂದಿದೆ. ಕಾನೂನು ಬರುವುದಕ್ಕೆ ಎಂಟು ನೂರು ವರ್ಷ ಮೊದಲೇ ಹೆಚ್ಚೂ ಬೇಡ, ಕಡಿಮೆಯೂ ಬೇಡ ಎಂಬ ನ್ಯಾಯವನ್ನು ಹಗ್ಗದ ಶರಣರು ತೋರಿಸಿದ್ದಾರೆ.

ದುಡಿಯುವ ಮಕ್ಕಳಿಗೆ ಒಂದು ಮಾತು. ಬೇರೆ ಕೆಲಸ ಹುಡುಕುವುದು ತಪ್ಪಲ್ಲ. ಅಡುಗೆ ಕಲಿಯಿರಿ, ಲೆಕ್ಕ ಕಲಿಯಿರಿ, ಮೇಲೆ ಬನ್ನಿರಿ. ಆದರೆ ಇವತ್ತಿನ ಕೆಲಸವನ್ನು ನಾಳೆಯ ಕೆಲಸಕ್ಕಾಗಿ ಹೀನಾಯವಾಗಿ ಕಾಣಬೇಡಿರಿ. ಹೊರಮೈ ಬೆಳಗಿ ಒಳಗೆ ಕೊಳೆ ಬಿಟ್ಟ ಹಂಡೆಯಂತೆ ಆಗಬೇಡಿರಿ. ಧರ್ಮರಾಯನ ರಾಜಸೂಯದಲ್ಲಿ ಒಬ್ಬೊಬ್ಬರು ಒಂದೊಂದು ಅಧಿಕಾರ ಹಿಡಿದಾಗ, ಬಂದವರ ಕಾಲು ತೊಳೆಯುವ ಕೆಲಸವನ್ನು ಕೃಷ್ಣನು ತಾನಾಗಿ ವಹಿಸಿಕೊಂಡನೆಂದು ಮಹಾಭಾರತದಲ್ಲಿದೆ. ಆ ಯಾಗದಲ್ಲಿ ಅಗ್ರಪೂಜೆ ಯಾರಿಗೆ ಸಂದಿತು? ಕಾಲು ತೊಳೆದವನಿಗೇ.

ತಂದೆತಾಯಿಗಳಿಗೆ ಒಂದು ಮಾತು. ಮಗನ ಕೆಲಸದ ಹೆಸರನ್ನು ಮುಚ್ಚಿ ಹೇಳಿದರೆ, ಊರಿಗೆ ಒಂದು ಸುಳ್ಳು ಹೇಳಿದಿರಿ, ಅಷ್ಟೇ ಅಲ್ಲ. ಮಗನಿಗೆ, ನೀನು ಇರುವ ಹಾಗೆ ನಮಗೆ ಬೇಡ ಎಂದು ಹೇಳಿದಿರಿ. ಹುಡುಗ ಜಾತ್ರೆಗೆ ಬಾರದೆ ಹೋದದ್ದು ಊರವರ ನಗೆಗೆ ಹೆದರಿ ಅಲ್ಲ. ತಂದೆಯ ಮುಖದಲ್ಲಿ ಆ ಮಾತನ್ನು ಓದಿ. ಹೆಣ್ಣು ಕೊಡುವವರಿಗೂ ಇದನ್ನೇ ಹೇಳುತ್ತೇವೆ. ಹುಡುಗ ಕುಡಿಯುತ್ತಾನೆಯೇ, ಸಾಲ ಮಾಡಿದ್ದಾನೆಯೇ, ಸುಳ್ಳು ಹೇಳುತ್ತಾನೆಯೇ ಎಂದು ಕೇಳಿರಿ. ಕೈಯಲ್ಲಿ ಲೇಖನಿಯಿದೆಯೋ ತೊಳೆಯುವ ನಾರಿದೆಯೋ ಎಂದು ಕೇಳಬೇಡಿರಿ.

ಕೊನೆಯ ಮಾತು ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು. ಆ ಹುಡುಗ ಹೋದ ಮೇಲೆ ನಾವು ಮಠದ ದಾಸೋಹದ ಹಿಂಬದಿಗೆ ಹೋದೆವು. ಎಷ್ಟೋ ವರ್ಷಗಳಿಂದ ಆ ಕಡೆ ಕಾಲಿಟ್ಟಿರಲಿಲ್ಲ. ನಾಲ್ವರು ತಾಯಂದಿರು ಹಂಡೆ ತೊಳೆಯುತ್ತಿದ್ದರು. ಸಮಯ ಮೂರು ಗಂಟೆಯಾಗಿತ್ತು. ಊಟವಾಯಿತೇ ಎಂದು ಕೇಳಿದೆವು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರದೂ ಆದ ಮೇಲೆ, ಪಾತ್ರೆಯೂ ಆದ ಮೇಲೆ ಅವರ ಊಟ. ನಮ್ಮ ಜಾತ್ರೆಯಲ್ಲಿ ದಾನಿಗಳಿಗೆ ಶಾಲು ಹೊದಿಸುತ್ತೇವೆ, ಅಡುಗೆಯ ಭಟ್ಟರಿಗೂ ಹೊದಿಸುತ್ತೇವೆ. ತೊಳೆದವರಿಗೆ ಒಂದು ವರ್ಷವೂ ಹೊದಿಸಿರಲಿಲ್ಲ. ದೂರದ ಹೋಟೆಲಿನ ಯಜಮಾನನ ಮಾತು ಆಡುವ ಮೊದಲು ನಮ್ಮ ಅಂಗಳವನ್ನೇ ನಾವು ನೋಡಿರಲಿಲ್ಲ.

ಈ ಶ್ರಾವಣದಿಂದ ಮಠದಲ್ಲಿ ತೊಳೆಯುವವರು ಮೊದಲ ಪಂಕ್ತಿಯಲ್ಲಿ ಕೂರುತ್ತಾರೆ. ಸೋಮವಾರಗಳಂದು ನಾವೂ ಒಂದು ಹಂಡೆ ತೊಳೆಯುತ್ತೇವೆ. ನಮ್ಮ ಕೈಗೆ ಅಭ್ಯಾಸ ತಪ್ಪಿಹೋಗಿದೆ. ಮೊದಲ ದಿನ ಆ ತಾಯಂದಿರಲ್ಲಿ ಒಬ್ಬರು ನಮ್ಮ ಹಂಡೆಯೊಳಗೆ ಕೈಯಾಡಿಸಿ ನೋಡಿ, ಏನೂ ಹೇಳದೆ ತಾವೇ ಇನ್ನೊಮ್ಮೆ ತೊಳೆದರು. ಹಿರಿಯ ಗುರುಗಳ ಪಾಠ ಇನ್ನೂ ಮುಗಿದಿಲ್ಲವೆಂದು ತಿಳಿದುಕೊಂಡೆವು.

ಆ ಹುಡುಗ ಈಗಲೂ ಅದೇ ಕೆಲಸದಲ್ಲಿದ್ದಾನೆ. ಮದುವೆ ಇನ್ನೂ ಕೂಡಿಬಂದಿಲ್ಲ. ಆದರೆ ಮೊನ್ನೆ ಸಂತೆಯಲ್ಲಿ ಯಾರೋ ಅವನ ತಂದೆಯನ್ನು ಮಗ ಏನು ಮಾಡುತ್ತಾನೆಂದು ಕೇಳಿದರಂತೆ. "ತಟ್ಟೆ ತೊಳೆಯುತ್ತಾನೆ, ಚೊಕ್ಕಟವಾಗಿ ತೊಳೆಯುತ್ತಾನೆ" ಎಂದು ಹೇಳಿದರಂತೆ. ಆ ಮಾತು ನಮ್ಮ ಕಿವಿಗೆ ಬಿದ್ದ ದಿನ ನಮಗೆ ಬಹಳ ಸಂತೋಷವಾಯಿತು.

ಮಗೂ, ಈ ಮಾತು ಯಾರ ಮೂಲಕವಾದರೂ ನಿನ್ನನ್ನು ಮುಟ್ಟೀತು. ನೀನು ಕೇಳಿದ್ದೆ, ಇದು ಕೆಟ್ಟ ಕೆಲಸವೇ ಎಂದು. ಅಲ್ಲಪ್ಪ. ಕೆಟ್ಟದ್ದು ಇದ್ದದ್ದು ನಮ್ಮ ನೋಟದಲ್ಲಿ. ಅದನ್ನು ತೊಳೆದವನು ನೀನು. ಬರುವ ಜಾತ್ರೆಗೆ ಊರಿಗೆ ಬಾ. ತೇರಿನ ಹಗ್ಗಕ್ಕೆ ನೀನೂ ಕೈಹಾಕು.

ನಿಮ್ಮೆಲ್ಲರ ಹೊಲ ಹಸಿರಾಗಲಿ, ಬೆಳೆಗೆ ಬೆಲೆ ಬರಲಿ, ದೂರ ಹೋದ ಮಕ್ಕಳು ನೆಮ್ಮದಿಯಿಂದಿರಲಿ. ಈಗ ಎಲ್ಲರೂ ಪ್ರಸಾದಕ್ಕೆ ಏಳಿರಿ. ಉಂಡ ಮೇಲೆ ನಿಮ್ಮ ನಿಮ್ಮ ತಟ್ಟೆಯನ್ನು ಈ ದಿನ ನೀವೇ ತೊಳೆದಿಟ್ಟು ಹೋಗಿರಿ.

ಸರ್ವರಿಗೂ ಮಂಗಳವಾಗಲಿ.